ಯಾವ ಊ?

ಎರೆಕಟ್ಟೆಪುರದವರಿಗೆ ಒಂದು ಅಕ್ಷರ ಕಡಿಮೆ. ತಮಿಳುನಾಡಿಗೆ ಸೇರಿದ ಕನ್ನಡದ ಸೀಮೆ ತಾಳವಾಡಿಯ ಕಡೆಯಿಂದ ಬಂದು ಬಸ್ಸಿಳಿದು, ಚೆಂಡುಹೂವಿನ ಹೊಲಗಳ ನಡುವೆ ಸ್ವಲ್ಪ ನಡೆದರೆ ಸಿಗುವ ಈ ಊರಿನಲ್ಲಿ ಶಾಲೆ ಇದೆ, ರೇಷನ್ ಅಂಗಡಿ ಇದೆ, ಒಂದರ ಎದುರಿಗೊಂದು ಜಗಳಕ್ಕೆ ನಿಂತ ಟೀ ಅಂಗಡಿಗಳಿವೆ, ಈಚೆಗೆ ಮೊಬೈಲ್ ಟವರೂ ಬಂದಿದೆ. ಹಕಾರ ಮಾತ್ರ ಇನ್ನೂ ಬಂದಿಲ್ಲ. ಹಾಲು ಇಲ್ಲಿ ಆಲು, ಹಸು ಅಸು, ಹೆಂಡತಿ ಎಂಡ್ತಿ. ಹೊಲಕ್ಕೆ ಹೋಗಿ ಹುಲ್ಲು ಹೊತ್ತು ತರುವಂಥ ಹಕಾರದ ಕೆಲಸವನ್ನೂ ಇವರು "ಒಲಕ್ಕೋಗಿ ಉಲ್ಲೊತ್ಕೊ ಬಾ" ಎಂದು ಒಂದು ಹಕಾರವನ್ನೂ ಖರ್ಚು ಮಾಡದೆ ಮುಗಿಸಿಬಿಡುತ್ತಾರೆ. ಇದರಿಂದ ಯಾರಿಗೂ ಯಾವತ್ತೂ ತೊಂದರೆಯಾಗಿರಲಿಲ್ಲ. ಆದದ್ದು ಆ ಕಾರ್ನಿವಲ್ ದಿನವೇ.

ಕಾರ್ನಿವಲ್ಲಿಗೆ ಮೊದಲು ಪರಿಮಳನ ವಿಷಯ ಹೇಳಬೇಕು. ಊರಿನ ಕಟ್ಟೆ ಎಂದರೆ ಒಂದು ಸಣ್ಣ ಕೆರೆ, ಅದರ ಆಚೆ ದಡಕ್ಕೆ ಊರು, ಈಚೆ ದಡಕ್ಕೆ ಕಾಲೋನಿ. ಪರಿಮಳ ಕಾಲೋನಿಯವಳು, ಮೈಕ್ ಸೆಟ್ ಶಿವಮಲ್ಲುವಿನ ಹೆಂಡತಿ. ಬೆಳಗಾದರೆ ದೊಡ್ಡಮನೆಯ ಹೊಲಕ್ಕೆ ಹೂ ಬಿಡಿಸಲು ಹೋಗುವ ಹೆಂಗಸರಲ್ಲಿ ಒಬ್ಬಳು. ಒಬ್ಬಳು ಎಂದರೆ ಅವಳಿಗೆ ಕೋಪ ಬಂದೀತು, ಎಲ್ಲರಿಗಿಂತ ಮುಂದಿನವಳು. ಸೀರೆಯ ಮುಂಭಾಗವನ್ನು ಮಡಿಲು ಕಟ್ಟಿಕೊಂಡು ಸಾಲಿಗೆ ಇಳಿದಳೆಂದರೆ ಎರಡು ಕೈಯೂ ಎರಡು ಕಡೆಯ ಗಿಡದಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿದ್ದವು, ಬಾಯಿ ಮೂರನೆಯ ಕೆಲಸ ಮಾಡುತ್ತಿತ್ತು. ಉಳಿದವರು ಅರ್ಧ ಸಾಲಿನಲ್ಲಿರುವಾಗ ಅವಳು ಬದುವಿನ ಮೇಲೆ ನಿಂತು ನೀರು ಕುಡಿಯುತ್ತಿದ್ದಳು.

ಆ ಬದುವಿನ ಮೇಲೆ ಛತ್ರಿ ಹಿಡಿದು ಕುಳಿತಿರುತ್ತಿದ್ದವರು ದೊಡ್ಡಮನೆಯ ಯಜಮಾನಿ ವಿಶಾಲಾಕ್ಷಮ್ಮ. ಹಣೆಯ ತುಂಬ ವಿಭೂತಿ, ಕಣ್ಣಿನ ತುಂಬ ಹೊಲ. ಅವರ ಕಣ್ಣು ತಪ್ಪಿಸಿ ಒಂದು ಮೊಗ್ಗು ಬಿರಿಯುವ ಹಾಗಿರಲಿಲ್ಲ. ಅವರು ಕೆಟ್ಟವರೇನಲ್ಲ, ಕೂಲಿ ತಡಮಾಡುತ್ತಿರಲಿಲ್ಲ, ಬಿಸಿಲು ಹೆಚ್ಚಾದರೆ ಮಜ್ಜಿಗೆ ಕಳಿಸುತ್ತಿದ್ದರು. ಆದರೆ ಕರೆಯುವುದು ಮಾತ್ರ ಒಂದೇ ರೀತಿ.

"ಏ ಇವ್ಳೆ!"

ಹೊಲದಲ್ಲಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು.

"ನೀವಲ್ಲ ಕಣ್ರೇ, ಅವ್ಳು!"

ಅವಳು ಯಾರೆಂದು ಗೊತ್ತಾಗುವಷ್ಟರಲ್ಲಿ ಎಲ್ಲರ ಕೆಲಸವೂ ಅಷ್ಟಷ್ಟು ಕೆಟ್ಟಿರುತ್ತಿತ್ತು. ದೊಡ್ಡಮನೆಯ ಹಸುಗಳಿಗೆ ಹೆಸರಿತ್ತು, ಕರುಗಳಿಗೂ ಇತ್ತು. ಬಾಲ ಅರ್ಧ ತುಂಡಾದ ಕಾವಲು ನಾಯಿಗೆ ರಾಜಣ್ಣ ಎಂದು ಅಣ್ಣ ಸೇರಿಸಿದ ಹೆಸರೇ ಇತ್ತು. ಹೂ ಬಿಡಿಸುವವರೆಲ್ಲ ಇವಳೆ. ಮದುವೆಯಾಗಿ ಬಂದ ಹೊಸದರಲ್ಲಿ ಪರಿಮಳ ಒಂದು ಸಲ ಧೈರ್ಯ ಮಾಡಿ, "ನನ್ನೆಸ್ರು ಪರಿಮಳ ಅಮ್ಮಾವ್ರೆ" ಎಂದಿದ್ದಳು. ವಿಶಾಲಾಕ್ಷಮ್ಮ ಅವಳನ್ನು ಮೇಲಿಂದ ಕೆಳಕ್ಕೆ ನೋಡಿ, "ಚೆಂದಾಗದೆ ಎಸ್ರು" ಎಂದು ಮೆಚ್ಚಿಕೊಂಡು, "ಏ ಇವ್ಳೆ, ಆ ಮೂಟೆ ಒಸಿ ಈಚೆಗ್ ಎಳಿ" ಎಂದಿದ್ದರು.

ಅವತ್ತಿನಿಂದ ಪರಿಮಳನಿಗೆ ಒಂದು ಹಟ. ಆ ಬಾಯಿ ಒಂದು ದಿನವಾದರೂ ತನ್ನನ್ನು ಹೆಸರಿಟ್ಟು ಕರೆಯಬೇಕು. ಯಾವ ಹೆಸರಾದರೂ ಸರಿ, ತಿರುಗಿ ನೋಡಿದರೆ ತಾನೊಬ್ಬಳೇ ನೋಡುವಂಥದ್ದಾಗಿರಬೇಕು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಶಿವಮಲ್ಲುವಿಗೆ ಹೇಳಿದರೆ ಮೈಕಿಗೆ ಹೇಳಿದಂತೆ.

ಈಗ ಕಾರ್ನಿವಲ್. ವಿಶಾಲಾಕ್ಷಮ್ಮನವರ ಮಗ ಮಹದೇವಪ್ರಸಾದ್ ಊರಿನ ಹೂವನ್ನೆಲ್ಲ ಕೊಂಡು ಸತ್ಯಮಂಗಲದ ಮಾರ್ಕೆಟ್ಟಿಗೆ ಲಾರಿ ತುಂಬಿಸುವವನು. ಹೊರಗೆ ಹುಲಿ, ತಾಯಿಯ ಮುಂದೆ ಮೊಲ. ಊಟಿಗೆ ಹೋದಾಗ ಅಲ್ಲಿ ಎಂಥದೋ ಕಾರ್ನಿವಲ್ ನೋಡಿ ಬಂದವನಿಗೆ ತಮ್ಮೂರಲ್ಲೂ ಒಂದು ಮಾಡುವ ಹುಚ್ಚು ಹಿಡಿಯಿತು. ತೇರಿಲ್ಲ, ಪೂಜೆಯಿಲ್ಲ, ಬರೀ ಮಜಾ. ರಾಟೆತೊಟ್ಟಿಲು, ಬಲೂನಿಗೆ ಗುಂಡು ಹೊಡೆಯುವುದು, ಕಣ್ಣು ಕಟ್ಟಿಕೊಂಡು ಮಡಕೆ ಒಡೆಯುವುದು, ಮೆಣಸಿನಕಾಯಿ ಬಜ್ಜಿ. ಕೊನೆಗೆ, ಊರಿಗೆ ಅನ್ನ ಕೊಡುವುದು ಹೂವಲ್ಲವೆ, ಚೆನ್ನಾಗಿ ಹೂ ಬಿಡಿಸುವ ಹೆಂಗಸೊಬ್ಬಳಿಗೆ ಕಿರೀಟವಿಟ್ಟು ಹೂರಾಣಿ ಎಂದು ಕರೆಯುವುದು. ಯೋಚನೆ ಒಳ್ಳೆಯದೇ. ಆದರೆ ಲಾರಿಗೆ ಮೂಟೆ ಏರಿಸುವ ಗದ್ದಲದಲ್ಲಿ ಅವನು ಫೋನು ಮಾಡಿ ಶಿವಮಲ್ಲುವಿಗೆ ಹೇಳಿದ್ದು ಇಷ್ಟೇ:

"ಲೋ ಶಿವಮಲ್ಲು, ಊರಾಣಿ ಅಂತ ಒಂದ್ ಐಟಮ್ ಅದೆ ಕಣ್ಲಾ. ಕಿರೀಟ ಇಡದು. ಆಟೋದಲ್ಲಿ ಒಂದ್ ರೌಂಡ್ ಕೂಗ್ಬುಡು. ಮಿಕ್ಕಿದ್ದು ಅಲ್ಲೇ ನೋಡ್ಕಳವ."

ಶಿವಮಲ್ಲು ಆಟೋದ ನೆತ್ತಿಗೆ ಹಾರನ್ ಕಟ್ಟಿ ಕೂಗಿಯೇ ಕೂಗಿದ.

"ಮಾಜನಗಳೇ! ಬರೋ ಬಾನುವಾರ ನಮ್ಮೂರಲ್ಲಿ ಕಾರ್ನಿವಾಲು! ಕೊನೆಗೆ ಊರಾಣಿ ಆಯ್ಕೆ! ಊರಾಣಿಗೆ ಕಿರೀಟ! ಎಂಗಸ್ರೆಲ್ಲ ಬರ್ಬೇಕು, ಊರಾಣಿ, ಊರಾಣಿ, ಊರಾಣಿ!"

ಕಾಲೋನಿಯ ಜಗುಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅವನ ತಾಯಿ ದೊಡ್ಡಮಾದಮ್ಮ, "ಕಾರ್ನಿವಾಲು ಅಂದ್ರೆ ಯಾವ ದೇವ್ರುಲಾ? ಕೋಳಿ ಕೇಳದಾ?" ಎಂದು ವಿಚಾರಿಸಿದಳು. ಕೋಳಿ ಕೇಳುವುದಿಲ್ಲ ಎಂದು ತಿಳಿದ ಮೇಲೆ ಸೊಸೆಯ ಕಡೆ ತಿರುಗಿದಳು. "ಊರಾಣಿ ಅಂದ್ರೆ ಇನ್ಯಾರಮ್ಮಿ? ಊ ಬುಡ್ಸದ್ರಲ್ಲಿ ನಿನ್ ಬುಟ್ರೆ ಯಾರವ್ರೆ ಇಲ್ಲಿ?"

ಕಾಲೋನಿಯಲ್ಲಿ ಬೇರೆ ಅರ್ಥವೇ ಯಾರಿಗೂ ಹೊಳೆಯಲಿಲ್ಲ. ಊ ಎಂದರೆ ದಿನಾ ಮಡಿಲಿಗೆ ಬೀಳುವ ಹೂ.

ಕಟ್ಟೆಯಾಚೆ ಊರಿನಲ್ಲೂ ಬೇರೆ ಅರ್ಥ ಯಾರಿಗೂ ಹೊಳೆಯಲಿಲ್ಲ. ಊರಾಣಿ ಎಂದರೆ ಊರ ರಾಣಿ. ಊರಿಗೆಲ್ಲ ರಾಣಿಯಾಗುವ ಹೆಣ್ಣು ಎಂದರೆ ಅಂದಚೆಂದ, ಓದು, ಮನೆತನ ಎಲ್ಲ ಇರಬೇಕಲ್ಲ? ವಿಶಾಲಾಕ್ಷಮ್ಮ ಪೆಟ್ಟಿಗೆಯಿಂದ ತಮ್ಮ ಮದುವೆಯ ನೇರಳೆ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹರವಿದರು. ಸತ್ಯಮಂಗಲದಲ್ಲಿ ಕಾಲೇಜು ಓದುತ್ತಿದ್ದ ಮೊಮ್ಮಗಳು ಶಾಂಭವಿಯನ್ನು ಫೋನು ಮಾಡಿ ಕರೆಸಿಕೊಂಡರು.

"ಅಜ್ಜಿ, ನಂಗ್ಯಾಕೆ ಕಿರೀಟ? ನಾಡಿದ್ದು ಪರೀಕ್ಷೆ ಅದೆ" ಎಂದಳು ಶಾಂಭವಿ.

"ಪರೀಕ್ಷೆ ಇನ್ನೊಂದ್ಸಲ ಬತ್ತದೆ ಕಣೆ. ಊರಾಣಿ ಆಗದು ಒಂದೇ ಸಲ."

ಮಹದೇವಪ್ರಸಾದ್ ಇದನ್ನೆಲ್ಲ ನೋಡಿ ಬಾಯಿ ತೆರೆದ. ತಾಯಿ ಸೀರೆಯ ಮಡಿಕೆ ನೀವುತ್ತ, "ನನ್ ಮಗ ಒಂದಾದ್ರೂ ಒಳ್ಳೆ ಕೆಲ್ಸ ಮಾಡ್ದ" ಎಂದರು. ಅಷ್ಟು ವರ್ಷಕ್ಕೆ ಸಿಕ್ಕ ಮೊದಲನೆಯ ಹೊಗಳಿಕೆ ಅದು. ಅವನು ಬಾಯಿ ಮುಚ್ಚಿಕೊಂಡು ಹೊಲದ ಕಡೆ ಹೋದ.

ಊರಿನಲ್ಲಿ ಕಟ್ಟುವ ಫ್ಲೆಕ್ಸ್ ಬೇರೆ ಮೂರನೆಯ ದಾರಿ ಹಿಡಿಯಿತು. ಅದನ್ನು ಬೆಟ್ಟದ ಕೆಳಗಿನ ಅಂಗಡಿಯಲ್ಲಿ ತಮಿಳಿನಲ್ಲಿ ಮಾಡಿಸಿದ್ದು. ಫೋನಿನಲ್ಲಿ ಶಿವಮಲ್ಲು ಊರಾಣಿ ಎಂದು ಹೇಳಿದ. ಅಂಗಡಿಯವನಿಗೆ ಅಂಥ ಪದ ಗೊತ್ತಿರಲಿಲ್ಲ, ಅದರ ಹತ್ತಿರದ್ದು ಒಂದು ಗೊತ್ತಿತ್ತು. ಅವನು ದೊಡ್ಡದಾಗಿ 'ಊರಣಿ ವಿಳಾ', ಅಂದರೆ ಊರಣಿ ಹಬ್ಬ, ಎಂದು ಅಚ್ಚು ಹಾಕಿ, ಮೇಲೊಂದು ನವಿಲು, ಕೆಳಗೊಂದು ನವಿಲು ಕೂರಿಸಿ ಕಳಿಸಿದ. ನವಿಲು ಚೆನ್ನಾಗಿದ್ದವು. ಹೀಗಾಗಿ ಅಕ್ಷರವನ್ನು ಯಾರೂ ನೋಡಲಿಲ್ಲ. ಅದರದೇ ಒಂದು ಚಿಕ್ಕ ಪ್ರತಿಯನ್ನು ತಾಳವಾಡಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಅಧಿಕಾರಿ ಮೇಡಂಗೆ ಕೊಟ್ಟು, ಮುಖ್ಯ ಅತಿಥಿಯಾಗಿ ಬರಬೇಕೆಂದು ಕೇಳಿಕೊಂಡರು. ಮೇಡಂ ಓದಿ, ಬಹಳ ಸಂತೋಷಪಟ್ಟು ಒಪ್ಪಿಕೊಂಡರು.

ಭಾನುವಾರ ಬೆಳಗ್ಗೆ ಪರಿಮಳ ತಲೆಗೆ ಸೀಗೆಕಾಯಿ ಹಾಕಿ ಮಿಂದಳು. ಉಗುರು ಕತ್ತರಿಸಲಿಲ್ಲ, ಹೆಬ್ಬೆರಳಿನ ಉಗುರು ಹೂವಿನ ಕತ್ತು ಮುರಿಯಲು ಬೇಕು. ಹಳೆಯ ಸೀರೆಯನ್ನೇ ಉಟ್ಟಳು. ಹೊಸ ಸೀರೆಗೆ ಮಡಿಲು ಕಟ್ಟಿದರೆ ಹೂವಿನ ಕಲೆಯಾಗುತ್ತದೆ. ಕನ್ನಡಿಯ ಮುಂದೆ ಒಮ್ಮೆ ತಲೆ ಎತ್ತಿ ನಿಂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ವಿಶಾಲಾಕ್ಷಮ್ಮನವರ ದನಿಯಲ್ಲಿ ತನ್ನನ್ನೇ "ಏ ಊರಾಣಿ!" ಎಂದು ಕರೆದುಕೊಂಡಳು. ಹಿಂದಿನಿಂದ ದೊಡ್ಡಮಾದಮ್ಮ ಅದು ಅಮ್ಮಾವ್ರ ದನಿಯೆಂದೇ ನಂಬಿ, "ಊಂ, ಬಂದೆ ಬಂದೆ" ಎಂದು ಓಗೊಟ್ಟಳು. ಪರಿಮಳ ನಾಚಿಕೊಂಡು ಬಾಗಿಲ ಹೊರಗೆ ಬಂದುಬಿಟ್ಟಳು.

ಮೈದಾನ ತುಂಬಿತ್ತು. ರಾಟೆತೊಟ್ಟಿಲಿನ ನೆತ್ತಿಯಲ್ಲಿ ಕುಳಿತವರು ಇಳಿಸಿ ಎಂದು, ಕೆಳಗಿದ್ದವರು ಹತ್ತಿಸಿ ಎಂದು ಕೂಗುತ್ತಿದ್ದರು. ಮಡಕೆ ಒಡೆಯಲು ಕಣ್ಣು ಕಟ್ಟಿಕೊಂಡವನೊಬ್ಬ ಬಜ್ಜಿ ಅಂಗಡಿಗೆ ಕೋಲು ಬೀಸಿ ಎರಡು ಏಟು ಹೊಡೆದ. ಕಟ್ಟೆಯ ಏರಿಗೆ ಬೆನ್ನು ಮಾಡಿ ವೇದಿಕೆ ಕಟ್ಟಿದ್ದರು. ಅದರ ಪಕ್ಕದಲ್ಲೇ ದೊಡ್ಡಮನೆಯ ಚೆಂಡುಹೂವಿನ ಹೊಲ, ಕೊನೆಯ ಬಿಡಿಸುವಿಕೆಗೆ ಕಾದು ನಿಂತಿತ್ತು. ವೇದಿಕೆಯ ಮೇಜಿನ ಮೇಲೆ ಥರ್ಮಾಕೋಲಿಗೆ ಚಿನ್ನದ ಕಾಗದ ಅಂಟಿಸಿ ಹೂ ಸಿಕ್ಕಿಸಿದ ಕಿರೀಟ.

ಸಂಜೆಗೆ ಮುಂಚೆ ಶಿವಮಲ್ಲು ಮೈಕು ಹಿಡಿದ. "ಈಗ ಊರಾಣಿ ಐಟಮ್! ಯಾರ್ಯಾರು ಇದ್ದೀರೋ ಮೇಲಕ್ ಬರ್ಬೇಕು!"

ವೇದಿಕೆಗೆ ಎರಡು ಕಡೆ ಮೆಟ್ಟಿಲು. ಒಂದು ಕಡೆಯಿಂದ ನೇರಳೆ ರೇಷ್ಮೆ ಉಟ್ಟ ಶಾಂಭವಿ ಹತ್ತಿದಳು. ಕತ್ತಿನಲ್ಲಿ ಅಜ್ಜಿಯ ಕಾಸಿನ ಸರ, ಮುಖದಲ್ಲಿ ಪರೀಕ್ಷೆಯ ಚಿಂತೆ, ಹಿಂದೆ ಸೆರಗು ಹಿಡಿದ ವಿಶಾಲಾಕ್ಷಮ್ಮ. ಇನ್ನೊಂದು ಕಡೆಯಿಂದ ಪರಿಮಳ ಹತ್ತಿದಳು. ಮಡಿಲು ಕಟ್ಟಿ, ತಲೆಗೆ ಟವೆಲ್ ಸುತ್ತಿ, ಹಿಂದೆ ಮಡಿಲು ಕಟ್ಟಿದ ಇನ್ನಷ್ಟು ಹೆಂಗಸರು. ನಡುವೆ ಎರಡು ದಂಡೂ ನಿಂತು ಒಂದನ್ನೊಂದು ನೋಡಿದವು.

"ಏ ಇವ್ಳೆ" ಎಂದರು ವಿಶಾಲಾಕ್ಷಮ್ಮ. ಮಡಿಲು ಕಟ್ಟಿದ ಹೆಂಗಸರೆಲ್ಲ ಅಭ್ಯಾಸಬಲದಿಂದ ನೆಟ್ಟಗಾದರು. "ಕಸ ಗುಡ್ಸದು ಆಮೇಲೆ ಕಣ್ರೆ. ಇನ್ನೂ ಕಾರ್ಯಕ್ರಮ ಮುಗಿದಿಲ್ಲ."

"ಕಸಕ್ಕಲ್ಲ ಅಮ್ಮಾವ್ರೆ" ಎಂದಳು ಪರಿಮಳ. "ಊರಾಣಿ ಆಗಕ್ಕೆ."

"ನೀನಾ? ಊರಾಣಿಯಾ?"

"ನಾನಲ್ದೆ ಇನ್ಯಾರು ಅಮ್ಮಾವ್ರೆ? ನಿಮ್ ಕೂಸು ರೇಷ್ಮೆ ಸೀರೇಲಿ ಎಂಗ್ ಊ ಬುಡುಸ್ತದೆ?"

"ಊ ಬುಡ್ಸಕ್ಕೂ ಊರಾಣಿಗೂ ಏನೇ ಸಂಬಂದ?"

ಕೆಳಗೆ ಜನ ಅರ್ಧ ಆ ಕಡೆ, ಅರ್ಧ ಈ ಕಡೆ ಆಗಿ ಕೂಗಾಡತೊಡಗಿದರು. ಎಲ್ಲರೂ ಮಹದೇವಪ್ರಸಾದನನ್ನು ಹುಡುಕಿದರು. ಅವನು ಒಂದು ಬಾಟಲಿ ನೀರನ್ನು ಪೂರ್ತಿ ಕುಡಿದು, ತಾಯಿಯ ಮುಖ ನೋಡಿ, ಖಾಲಿ ಬಾಟಲಿಯನ್ನು ಇನ್ನೊಮ್ಮೆ ಕುಡಿದು, "ಶಿವಮಲ್ಲು ಏನ್ ಕೂಗಿದ್ನೋ ಅದೇ ಫೈನಲ್ಲು" ಎಂದು ಕೈತೊಳೆದುಕೊಂಡ.

ಎಲ್ಲರ ಕಣ್ಣೂ ಶಿವಮಲ್ಲುವಿನ ಮೇಲೆ ಬಿದ್ದವು.

"ಯೋಳ್ಲಾ ಶಿವಮಲ್ಲು" ಎಂದರು ವಿಶಾಲಾಕ್ಷಮ್ಮ. "ನೀನ್ ಕೂಗಿದ್ದು ಯಾವ್ ಊ?"

"ಊ ಅಮ್ಮಾವ್ರೆ."

"ಅದೇ ಕಣ್ಲಾ, ಯಾವ್ ಊ? ಊರಿನ್ ಊನೋ, ಊವಿನ್ ಊನೋ?"

"ಊವಿನ್ ಊ ಅಮ್ಮಾವ್ರೆ. ಊರಿನ್ ಊ ಅಲ್ಲ, ಊ."

"ಎರಡೂ ಒಂದೇ ಕೇಳ್ತದಲ್ಲೋ!"

"ಒಂದಲ್ಲ ಅಮ್ಮಾವ್ರೆ. ಇದು ಊ. ಅದು ಊ." ಬಡಪಾಯಿ ಹೊಟ್ಟೆ ಒಳಗೆಳೆದುಕೊಂಡು, ಎದೆಯಿಂದ ಗಾಳಿ ಎತ್ತಿ, ಕಣ್ಣು ಮೇಲೆ ಮಾಡಿ ಪ್ರಯತ್ನಿಸಿದ. ಮೈಕಿನಿಂದ ಗೂಳಿ ಉಸಿರುಬಿಟ್ಟಂಥ ಸದ್ದು ಬಂತು, ಅದರ ಹಿಂದೆ ಮತ್ತೆ ಅದೇ ಊ ಬಂತು. ಜನ ತಾವೂ ಪ್ರಯತ್ನಿಸಿದರು. ಮೈದಾನದ ತುಂಬ ಊ, ಊ, ಊ. ಎಲ್ಲಿಂದಲೋ ನಾಯಿ ರಾಜಣ್ಣನೂ ದನಿಗೂಡಿಸಿದ. ಶಾಂಭವಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ನಿನ್ ಎಂಡ್ತಿಗೋಸ್ಕರ ಊ ಅನ್ನದನ್ನ ಊ ಅಂತಿದ್ದೀಯ" ಎಂದು ವಿಶಾಲಾಕ್ಷಮ್ಮ ತೀರ್ಪು ಕೊಟ್ಟರು.

ಪರಿಮಳನಿಗೆ ನಗು ಬರಲಿಲ್ಲ. ಕಿರೀಟ ಕೈಗೆಟಕುವಷ್ಟು ಹತ್ತಿರವಿತ್ತು, ಒಂದು ಅಕ್ಷರ ನಡುವೆ ಅಡ್ಡ ಬಿದ್ದಿತ್ತು. ಆ ಅಕ್ಷರ ತನ್ನ ಗಂಡನ ಬಾಯಲ್ಲೂ ಇರಲಿಲ್ಲ, ತನ್ನ ಬಾಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಅಧಿಕಾರಿ ಮೇಡಂ ಇಳಿದರು. ಅವರ ಹಿಂದೆ ಅಳತೆ ಟೇಪು ಹಿಡಿದ ಒಬ್ಬ ಸಹಾಯಕ. ಮೇಡಂ ರಾಮನಾಥಪುರದ ಕಡೆಯವರು, ಕನ್ನಡ ಬಾರದು. ವೇದಿಕೆ ಹತ್ತಿ, ಎಲ್ಲರಿಗೂ ಕೈಮುಗಿದು, ಉತ್ಸಾಹದಿಂದ ಕೇಳಿದರು:

"ಊರಣಿ ಎಂಗೆ?"

ಊರಣಿ ಎಲ್ಲಿ ಎಂದು ಕೇಳುತ್ತಿದ್ದಾರೆ. ವಿಶಾಲಾಕ್ಷಮ್ಮ ತಕ್ಷಣ ಮೊಮ್ಮಗಳನ್ನು ಮುಂದಕ್ಕೆ ತಳ್ಳಿ, ಇಗೋ ಇಲ್ಲೇ ಎನ್ನುವಂತೆ ತಮಿಳಿನಲ್ಲಿ "ಇದೋ ಇರುಕ್ಕುದು ಮೇಡಂ" ಎಂದರು. ಈ ಕಡೆಯಿಂದ ಕಾಲೋನಿಯ ಹೆಂಗಸರು ಪರಿಮಳನನ್ನು ತಳ್ಳಿ ಅದನ್ನೇ ಹೇಳಿದರು. ಮೇಡಂ ಇಬ್ಬರ ಭುಜಗಳ ನಡುವಿನಿಂದ ಕತ್ತು ಚಾಚಿ ಹಿಂದಕ್ಕೆ ನೋಡಿ ತಲೆಯಾಡಿಸಿದರು.

"ಆಳಂ ಎವ್ವಳವು?"

ಆಳ ಎಷ್ಟು! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಏರಿಯ ಮೇಲೆ ಕುಳಿತಿದ್ದ ದೊಡ್ಡಮಾದಮ್ಮ, "ಎತ್ರ ಕೇಳ್ತಾವ್ರೇನೋ" ಎಂದು ಸಮಾಧಾನ ಹೇಳಿದಳು.

"ಪಾಸಿ ನಿರೈಯ ಪಿಡಿಚ್ಚಿರುಕ್ಕೇ" ಎಂದು ಮೇಡಂ ಕೊರಗಿದರು. ತುಂಬ ಪಾಚಿ ಹಿಡಿದಿದೆಯಲ್ಲ ಎಂದರ್ಥ. "ಕಡೈಸಿಯಾ ಎಪ್ಪೋ ತೂರ್ ವಾರಿನೀಂಗ?" ಕೊನೆಯ ಸಲ ಹೂಳು ತೆಗೆಸಿದ್ದು ಯಾವಾಗ?

ವಿಶಾಲಾಕ್ಷಮ್ಮನವರ ಮುಖ ಕುಂಕುಮವಾಯಿತು. ಸಿಟ್ಟಿನಲ್ಲಿ ತಮಿಳು ಮರೆತುಹೋಯಿತು.

"ಏನಂದ್ಕಂಡಿದ್ದೀರಾ ನಮ್ ಕೂಸ್ನ? ಬಂದಾಗ್ಲೆಲ್ಲ ಎಣ್ಣೆ ಸೀಗೆಕಾಯಿ ಆಕಿ ನೀರುಯ್ತೀನಿ! ಪಾಚಿಯಂತೆ, ಊಳಂತೆ! ಆಪೀಸರ್ ಆದ್ರೆ ಬಾಯಿಗ್ ಬಂದಂಗ್ ಮಾತಾಡದಾ?"

ಶಾಂಭವಿಗೆ ಈಗ ನಿಲ್ಲಲಾಗಲಿಲ್ಲ, ಕುಳಿತೇ ನಕ್ಕಳು. ನಕ್ಕು ಮುಗಿಸಿ ಅವಳೇ ಮೇಡಂಗೆ ತಮಿಳಿನಲ್ಲಿ ಕೇಳಿದಳು, ನೀವು ಹುಡುಕುತ್ತಿರುವುದಾದರೂ ಏನನ್ನು ಎಂದು. ಮೇಡಂ ಗಾಬರಿಯಿಂದ ಫ್ಲೆಕ್ಸ್ ತೋರಿಸಿದರು. ತಮ್ಮ ಕಡೆ ಊರಿನ ಕುಡಿಯುವ ನೀರಿನ ಕೆರೆಗೆ ಊರಣಿ ಎನ್ನುತ್ತಾರೆ; ಕೆರೆಗೆ ಹಬ್ಬ ಮಾಡುವ ಊರು ಇದೆಯಲ್ಲ ಎಂದು ತಾವು ಎಷ್ಟು ಖುಷಿಯಿಂದ ಬಂದಿದ್ದು! ಎಲ್ಲರೂ ತಿರುಗಿ ವೇದಿಕೆಯ ಹಿಂದಿನ ಕಟ್ಟೆಯನ್ನು ನೋಡಿದರು. ಅದು ಪಾಪ, ಮೈತುಂಬ ಪಾಚಿ ಹೊದ್ದುಕೊಂಡು, ಕಿರೀಟಕ್ಕೆ ತಾನೂ ಒಂದು ಕೈ ನೋಡುತ್ತೇನೆ ಎನ್ನುವಂತೆ ಮಲಗಿತ್ತು. ನಗು ಶುರುವಾಗಿ ರಾಟೆತೊಟ್ಟಿಲಿನ ನೆತ್ತಿಯವರೆಗೂ ಹತ್ತಿತು.

ಶಾಂಭವಿ ರಾಣಿಯ ಜಗಳವನ್ನೂ ತಿಳಿಸಿದ ಮೇಲೆ ಮೇಡಂಗೂ ನಗು ಬಂತು. "ಅಪ್ಪೋ ಇದು ಎನ್ನ ರಾಣಿ?" ಎಂದು, ಹಾಗಾದರೆ ಇದು ಯಾವ ರಾಣಿ ಎನ್ನುವ ಅರ್ಥದಲ್ಲಿ, ಶಿವಮಲ್ಲುವನ್ನು ಕೇಳಿದರು. "ಊರ್ ರಾಣಿಯಾ, ಪೂ ರಾಣಿಯಾ?"

ಶಿವಮಲ್ಲು ಮುಳುಗುವವನಿಗೆ ಹಗ್ಗ ಸಿಕ್ಕಂತೆ ಆ ಪದಕ್ಕೆ ಜೋತುಬಿದ್ದ. ತಮಿಳಿನಲ್ಲಿ ಹೂವಿಗೆ ಪೂ. ತುಟಿ ಕೂಡಿಸಿದರೆ ಸಾಕು, ಯಾವ ಗೊಂದಲವೂ ಇಲ್ಲ. ದಿನಾ ಮಾರ್ಕೆಟ್ಟಿನಲ್ಲಿ ಆಡುವ ಮಾತು ಹೊತ್ತಿಗೆ ಹೊಳೆದಿರಲಿಲ್ಲ ಅಷ್ಟೆ.

"ಪೂ ಮೇಡಂ! ಪೂ! ಪೂವೇ ಪೂವು!" ಅವನ ಕಣ್ಣಲ್ಲಿ ನೀರು ಬಂದಿತ್ತು. "ನಿಮ್ ಮಗನ್ನೇ ಕೇಳಿ ಅಮ್ಮಾವ್ರೆ, ಪೂ ಅಲ್ವಾ ಅಂತ!"

ಮಹದೇವಪ್ರಸಾದ್ ಅಧಿಕಾರಿಯ ಎದುರು ಸುಳ್ಳು ಹೇಳಲಾರದೆ, ತಾಯಿಯ ಎದುರು ನಿಜ ಹೇಳಲಾರದೆ, ಕಟ್ಟೆಯ ಕಡೆ ತಿರುಗಿಕೊಂಡು "ಊಂ, ಪೂವೇ" ಎಂದ.

ಹಾಗಾದರೆ ಹೂ ಬಿಡಿಸಲಿ, ನೋಡೋಣ ಎಂದರು ಮೇಡಂ. ಪಕ್ಕದ ಹೊಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಶಿವಮಲ್ಲು ಒಂದು ಹಾಡು ಹಾಕಬೇಕು, ಹಾಡು ಮುಗಿಯುವ ತನಕ ಬಿಡಿಸಬೇಕು, ಕೊನೆಗೆ ತಕ್ಕಡಿ. ಶಾಂಭವಿ ಕಾಸಿನ ಸರ ಬಿಚ್ಚಿ ಅಜ್ಜಿಯ ಕೈಗಿಟ್ಟು, ನೇರಳೆ ರೇಷ್ಮೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತಾನೂ ಸಾಲಿಗೆ ಇಳಿದಳು. ಅಜ್ಜಿ ಅಯ್ಯೋ ಎನ್ನುವುದರೊಳಗೆ ಹಾಡು ಶುರುವಾಗಿತ್ತು.

ಆ ಹೊತ್ತಿನಲ್ಲಿ ಪರಿಮಳನಿಗೆ ಜನ ಕಾಣಲಿಲ್ಲ, ಹಾಡು ಕೇಳಲಿಲ್ಲ. ದಿನಾ ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸ. ಆದರೆ ಇವತ್ತು ಪ್ರತಿ ಹೂವಿನ ಕತ್ತು ಮುರಿಯುವಾಗಲೂ ಆ ಬಾಯಿ, ಆ ಬಾಯಿ ಎಂದುಕೊಳ್ಳುತ್ತಿದ್ದಳು. ಮಡಿಲು ತುಂಬಿ ಬುಟ್ಟಿಗೆ ಸುರಿದು ಮತ್ತೆ ಬಾಗಿದಳು. ಬದುವಿನ ಮೇಲಿಂದ ವಿಶಾಲಾಕ್ಷಮ್ಮ ಯಾವ ಪಕ್ಷ ಎಂಬುದನ್ನೇ ಮರೆತು ಮೊಮ್ಮಗಳಿಗೆ ಕೂಗುತ್ತಿದ್ದರು: "ಗಿಡಾನೇ ಕೀಳ್ಬೇಡ ಕಣೆ! ಅವ್ಳ್ ನೋಡು, ಅವ್ಳ್ ಎಂಗ್ ಬುಡುಸ್ತಾವ್ಳೆ ನೋಡ್ಕ!"

ಅವಳು ನೋಡು. ಇನ್ನೂ ಅವಳೇ. ಪರಿಮಳನ ಕೈ ಇನ್ನೂ ಜೋರಾಯಿತು.

ಹಾಡು ನಿಂತಿತು. ತಕ್ಕಡಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಪರಿಮಳನ ಬುಟ್ಟಿ ಇಟ್ಟ ಕಡೆ ನೆಲ ಮುಟ್ಟಿ ಕುಳಿತಿತು. ಶಾಂಭವಿಯ ಬುಟ್ಟಿಯಲ್ಲಿ ಹೂವಿಗಿಂತ ಎಲೆ ಹೆಚ್ಚಿತ್ತು. ಅವಳು ಅದನ್ನೇ ಎತ್ತಿ ಪರಿಮಳನ ಮೇಲೆ ಸುರಿದು ಚಪ್ಪಾಳೆ ತಟ್ಟಿದಳು.

ಎಲ್ಲರೂ ಮತ್ತೆ ವೇದಿಕೆಗೆ ಬಂದರು. ಮೇಡಂ ಕಿರೀಟ ಎತ್ತಿಕೊಂಡರು. ಆಗ ವಿಶಾಲಾಕ್ಷಮ್ಮ ಕೈ ಅಡ್ಡ ಹಿಡಿದರು.

"ಚೆಂದಾಗ್ ಕೆಲ್ಸ ಮಾಡವ್ಳೆ, ಇಲ್ಲ ಅನ್ನಲ್ಲ. ಮನೇಲಿ ಒಸ ಸ್ಟೀಲ್ ಬಕೀಟ್ ಅದೆ, ತಕೊಂಡೋಗ್ಲಿ. ಕಿರೀಟ ಗಿರೀಟ ಅಂತ ಕೂಗದೆಲ್ಲ ಯಾಕೆ? ಬರೋ ವರ್ಸ ನೋಡ್ಕಳವ."

ಮಹದೇವಪ್ರಸಾದ್ ಬಾಟಲಿ ಹುಡುಕಿದ. ಶಿವಮಲ್ಲು ಮೈಕಿನ ವೈರನ್ನು ಸುತ್ತತೊಡಗಿದ. ಪರಿಮಳನಿಗೆ ಅಳುವುದಕ್ಕಿಂತ ಮಾತಾಡುವುದೇ ಸುಲಭ.

"ಬಕೀಟ್ ಬ್ಯಾಡ ಅಮ್ಮಾವ್ರೆ" ಎಂದಳು. "ಬೇಕಾದ್ರೆ ಕಿರೀಟಾನೂ ಮಡಿಕಳಿ. ಊರಾಣಿ ಅಂತ ಮೈಕಲ್ಲಿ ಒಂದ್ಸಲ ನೀವೇ ಕೂಗ್ಬುಡಿ. ನಂಗಷ್ಟೇ ಸಾಕು. ಇಷ್ಟ್ ದಿನ ನಿಮ್ ಒಲದಲ್ಲಿ ಊ ಬುಡ್ಸಿವ್ನಿ, ಒಂದಿನಾನೂ ನೀವು ನನ್ ಎಸ್ರಿಡ್ದು ಕರೀಲಿಲ್ಲ."

ಈ ಇವಳ ಹೆಸರು ಏನೆಂದು ವಿಶಾಲಾಕ್ಷಮ್ಮ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದರು. ಸಿಗಲಿಲ್ಲ. ಮೊಮ್ಮಗಳು ತಮ್ಮನ್ನೇ ನೋಡುತ್ತಿದ್ದಳು; ನಗುತ್ತಿರಲಿಲ್ಲ.

"ಸರಿ ಕಣೆ, ಕೂಗ್ತೀನಿ" ಎಂದರು ಕೊನೆಗೆ. "ಆದ್ರೆ ಒಂದ್ ಮಾತು ಎಲ್ರಿಗೂ ತಿಳೀಲಿ. ಊರಿಗ್ ರಾಣಿ ಅಂತ ಅಲ್ಲ. ಊರಿಗೆ ರಾಣಿ ಆಗಕ್ಕೆ ಬೇರೆ ಯೋಗ್ಯತೆ ಬೇಕು. ಇವ್ಳು ಬರೀ ಊವಿಗೆ."

"ಪೂ ರಾಣಿ ಅಂದ್ಬುಡಿ ಅವ್ವಾ, ತಾಪತ್ರಯ ಇಲ್ಲ" ಎಂದ ಮಗ.

"ಯಾಕ್ಲಾ? ನಮ್ಮೂರ್ ಎಣ್ಣಿಗೆ ತಮಿಳಲ್ಲಿ ಯಾಕ್ ಕೂಗ್ಬೇಕು? ನಮ್ ಮಾತಿಗೇನ್ ಬಂದದೆ?" ವಿಶಾಲಾಕ್ಷಮ್ಮ ಮೈಕು ಕಿತ್ತುಕೊಂಡರು. ವಿಭೂತಿ ಸರಿಮಾಡಿಕೊಂಡರು. ಉಸಿರು ತುಂಬಿಕೊಂಡು, ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ, ಆಚೆ ಊರಿಗೂ ಈಚೆ ಕಾಲೋನಿಗೂ ಕೇಳುವಂತೆ ಕೂಗಿದರು:

"ಎಲ್ರೂ ಕೇಳ್ಕಳ್ರಪ್ಪ! ಇವ್ಳು ಊ-ರಾ-ಣಿ! ಊರಾಣಿ ಅಲ್ಲ, ಊರಾಣಿ!"

ಎರಡು ದಡದವರೂ ಒಟ್ಟಿಗೆ ನಕ್ಕ ನಗುವಿಗೆ ಕಟ್ಟೆಯ ಕೊಕ್ಕರೆಗಳು ಎದ್ದು ಹಾರಿದವು. ತಾವು ಹೇಳಿದ್ದು ಏನಾಯಿತೆಂದು ವಿಶಾಲಾಕ್ಷಮ್ಮನವರಿಗೆ ಗೊತ್ತಾಗುವಷ್ಟರಲ್ಲಿ ಮೇಡಂ ಕಿರೀಟ ಇಟ್ಟಾಗಿತ್ತು. ಅಜ್ಜಿ ಶಾಂಭವಿಯ ಅಳತೆಗೆ ಮಾಡಿಸಿದ್ದ ಕಿರೀಟ ಪರಿಮಳನ ಟವೆಲ್ ಸುತ್ತಿದ ತಲೆಗೆ ಬಿಗಿಯಾಗಿ ಕುಳಿತಿತು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಜನ ಊರಾಣಿ, ಊರಾಣಿ ಎಂದು ಕೂಗುತ್ತಿದ್ದರು. ಅವರು ಯಾವುದನ್ನು ಕೂಗುತ್ತಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಮೇಡಂ ಹೊರಡುವ ಮುಂಚೆ ಸಹಾಯಕನಿಗೆ ಕಟ್ಟೆಯ ಅಳತೆಯನ್ನೂ ತೆಗೆದುಕೊಳ್ಳಲು ಹೇಳಿದರು. ಬಂದ ಕೆಲಸ ಬಿಡುವುದು ಯಾಕೆ?

ಮರುದಿನ ಬೆಳಗ್ಗೆ ಹೆಂಗಸರು ಎಂದಿನಂತೆ ಹೊಲಕ್ಕೆ ಇಳಿದರು. ಕಿರೀಟ ಪರಿಮಳನ ಮನೆಯ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ವಿಶಾಲಾಕ್ಷಮ್ಮ ಛತ್ರಿ ಬಿಚ್ಚಿ ಬದುವಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಅವರ ಕಣ್ಣಿಗೆ ಏನೋ ಬಿತ್ತು.

"ಏ ಇವ್..." ಎಂದರು. ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡರು.

"ಏ ಊರಾಣಿ! ಆ ಮೂಲೆ ಗಿಡ ಬುಟ್ಬುಟ್ಟಿದ್ದೀಯ ನೋಡು!"

ಹೊಲದಲ್ಲಿ ಬಾಗಿದವರೆಲ್ಲ ಬಾಗಿಯೇ ಇದ್ದರು. ಪರಿಮಳ ಒಬ್ಬಳೇ ನೆಟ್ಟಗಾಗಿ ತಿರುಗಿ ನೋಡಿದಳು. ಮಡಿಲಿನ ಹೂವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನಗು ತಡೆದುಕೊಂಡು ಕೇಳಿದಳು:

"ಯಾವ್ ಊ ಅಮ್ಮಾವ್ರೆ?"

ವಿಶಾಲಾಕ್ಷಮ್ಮ ಬಾಯಿ ತೆರೆದರು. ಉಸಿರು ತುಂಬಿಕೊಂಡರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ತುಂಬಿಕೊಂಡ ಉಸಿರನ್ನು ಹಾಗೆಯೇ ಬಿಟ್ಟುಬಿಟ್ಟರು.

"ನಿಂಗೆ ಯಾವ್ದು ಕೇಳುಸ್ತೋ ಅದೇ ಕಣೆ" ಎಂದರು. "ಆ ಗಿಡ ನೋಡು ಮೊದ್ಲು."

ಪರಿಮಳನಿಗೆ ಯಾವುದು ಕೇಳಿಸಿತೆಂದು ಅವಳು ಯಾರಿಗೂ ಹೇಳಲಿಲ್ಲ. ಮೂಲೆಯ ಗಿಡದ ಹತ್ತಿರ ಹೋಗಿ ಬಿಟ್ಟಿದ್ದ ಹೂವನ್ನೆಲ್ಲ ಬಿಡಿಸಿದಳು.